ತಲೆಯ ಮೇಲಿನ ಬಾಂಡ್ಲಿಗೊಂದು ಚುಕ್ಕೆ

ಬೆಳಗಿನ ಆರೂವರೆ. ಹೇರೋಹಳ್ಳಿಯ ಹಳ್ಳಬಿದ್ದ ರಸ್ತೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ನಡೆದು ಬರುತ್ತಿದೆ. ಹತ್ತಿರ ಬಂದ ಮೇಲೆ ಅದರ ಕೆಳಗೆ ಬಿಳಿಯ ಪಂಚೆ, ತುಂಬುತೋಳಿನ ಅಂಗಿ, ಹಣೆಯ ತುಂಬ ವಿಭೂತಿ ಕಾಣುತ್ತವೆ. ಅವರು ಏಕಾಂತಯ್ಯ, ವಯಸ್ಸು ಅರವತ್ತೆಂಟು. ಕುರ್ಚಿಯನ್ನು ಸಂಜೆ ಕಟ್ಟಡದಲ್ಲಿಯೇ ಬಿಟ್ಟು ಹೋದರೆ ಮರುದಿನ ಅದರ ಮೇಲೆ ಯಾರಾದರೂ ಹತ್ತಿ ನಿಂತು ಗಾರೆ ಮೆತ್ತುತ್ತಿರುತ್ತಾರೆ. ಹೀಗೆ ಮೂರು ಕುರ್ಚಿಗಳು ಕಾಲು ಮುರಿದುಕೊಂಡವು. ನಾಲ್ಕನೆಯದನ್ನು ಅವರು ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಇರಿಸಿ, ದಿನವೂ ತಲೆಯ ಮೇಲೆ ಹೊತ್ತು ತರುತ್ತಾರೆ.

ಹದಿನಾರು ಮನೆಗಳ ಅಪಾರ್ಟ್‌ಮೆಂಟ್ ಏಳುತ್ತಿರುವ ಜಾಗ. ಆರು ಜನ ಗಾರೆಯವರು, ಗಾರೆ ಮತ್ತು ಬ್ಲಾಕ್ ಹೊರುವ ಎಂಟು ಹೆಂಗಸರು. ಏಕಾಂತಯ್ಯನವರು ಕುರ್ಚಿ ಹಾಕಿ, ಕೈಗಡಿಯಾರ ಬಿಚ್ಚಿ ಮಂಡಿಯ ಮೇಲಿಟ್ಟು, ಉದ್ದನೆಯ ಪುಸ್ತಕ ತೆರೆಯುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಒಬ್ಬೊಬ್ಬರನ್ನೂ ಒಂದೇ ಒಂದು ಸಲ ನೋಡುತ್ತಾರೆ. ಆ ಕ್ಷಣದಲ್ಲಿ ಕೆಲಸ ಮಾಡುತ್ತಿದ್ದವರ ಹೆಸರಿನೆದುರು ಒಂದು ಗೀಟು. ಸುಮ್ಮನಿದ್ದವರ ಹೆಸರಿನೆದುರು ಸೊನ್ನೆ. ದಿನಕ್ಕೆ ನಲವತ್ತೆಂಟು ನೋಟ, ಹದಿನಾಲ್ಕು ಜನ. ಒಟ್ಟು ಆರುನೂರ ಎಪ್ಪತ್ತೆರಡು ಗುರುತು. ಸಂಜೆ ಅದನ್ನೆಲ್ಲ ಕೂಡಿದರೆ ಕೆಲಸ ಎಷ್ಟು ಸಾಗಿತು, ಎಲ್ಲಿ ನಿಂತಿತು ಎಂಬುದು ತಿಳಿಯುತ್ತದೆ.

“ಮನೆ ಕಟ್ಟೋದು ತಡ ಆಯ್ತು ಅಂದ್ರೆ ಎಲ್ಲರೂ ಕೂಲಿಯವರನ್ನ ಬಯ್ತಾರೆ. ಯಾಕೆ ತಡ ಆಯ್ತು ಅಂತ ಕೂತು ನೋಡಿದೋರು ಯಾರೂ ಇಲ್ಲ. ನಾನು ಕೂತು ನೋಡ್ತೀನಿ, ಅಷ್ಟೇ ನನ್ನ ಕೆಲಸ,” ಎನ್ನುತ್ತಾರೆ ಅವರು.

ಕೂತು ನೋಡಿ ಅವರು ಕಂಡುಕೊಂಡ ಕಾರಣಗಳು ಪುಸ್ತಕದ ಕೊನೆಯ ಹಾಳೆಯಲ್ಲಿ ಅಂಕಿ ಹಾಕಿಕೊಂಡು ನಿಂತಿವೆ. ಮೊದಲನೆಯದು ಮಾಗಡಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಮರಳಿನ ಲಾರಿ. ಎರಡನೆಯದು ನೀರಿನ ಟ್ಯಾಂಕರ್. ಐದನೆಯದು ಅಮಾವಾಸ್ಯೆ, ಅಂದು ಯಾರೂ ಹೊಸ ಗೋಡೆಗೆ ಕೈ ಹಾಕುವುದಿಲ್ಲ. ಒಂಬತ್ತನೆಯದರ ಎದುರು ‘ಹಸು’ ಎಂದಿದೆ. ಒಂದು ಬೆಳಿಗ್ಗೆ ಬೀದಿಯ ಹಸುವೊಂದು ಬಂದು ಜರಡಿ ಹಿಡಿದ ಮರಳಿನ ಗುಡ್ಡೆಯ ಮೇಲೆ ಮಲಗಿ ಮೆಲುಕು ಹಾಕತೊಡಗಿತು. ಮಲಗಿದ ಹಸುವನ್ನು ಎಬ್ಬಿಸುವ ಪಾಪ ಯಾರಿಗೆ ಬೇಕು? ಹದಿನಾಲ್ಕು ಜನ ಮೂವತ್ತೈದು ನಿಮಿಷ ಅದರ ಮುಖ ನೋಡುತ್ತ ನಿಂತರು. ಏಕಾಂತಯ್ಯನವರೂ ಎಬ್ಬಿಸಲಿಲ್ಲ. ಎದ್ದ ಹೊತ್ತನ್ನು ಮಾತ್ರ ಬರೆದುಕೊಂಡರು.

ಈ ವಿದ್ಯೆ ಅವರಿಗೆ ಬಂದದ್ದು ಮಾಗಡಿ ರಸ್ತೆಯ ಪಕ್ಕದಲ್ಲಿದ್ದ ಒಂದು ನೂಲಿನ ಗಿರಣಿಯಿಂದ. ಚಿತ್ರದುರ್ಗದ ಕಡೆಯಿಂದ ಬಂದ ಜಂಗಮರ ಹುಡುಗನಿಗೆ ಅಲ್ಲಿ ಸಿಕ್ಕಿದ್ದು ಗಡಿಯಾರ ಹಿಡಿದು ಕೆಲಸ ಅಳೆಯುವ ನೌಕರಿ. ಇಪ್ಪತ್ತೇಳು ವರ್ಷ ಒಂದು ಕಂಡಿಕೆ ನೂಲು ಸುತ್ತಲು ಎಷ್ಟು ಸೆಕೆಂಡು, ಕಡಿದ ಎಳೆ ಸೇರಿಸಲು ಎಷ್ಟು ಸೆಕೆಂಡು ಎಂದು ನೋಡಿದರು. ಗಿರಣಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ಗುಮಾಸ್ತಿಕೆ ಮಾಡಿ ಮನೆ ನಡೆಸಿದರು. ಹೆಂಡತಿ ಕಲ್ಯಾಣಮ್ಮ ಹಾಸಿಗೆ ಹಿಡಿದಾಗ ಅದನ್ನೂ ಬಿಟ್ಟು ಹದಿನಾಲ್ಕು ತಿಂಗಳು ಪಕ್ಕದಲ್ಲಿ ಕುಳಿತರು. ಶಿವ ಆಕೆಯನ್ನು ಕರೆದುಕೊಂಡು ನಾಲ್ಕು ವರ್ಷವಾಯಿತು.

ಆಮೇಲೆ ಚಂದ್ರಾ ಲೇಔಟಿನ ಮನೆಯಲ್ಲಿ ಅವರಿಗೆ ಹೊತ್ತು ಹೋಗಲಿಲ್ಲ. ಗಡಿಯಾರ ಕೈಯಲ್ಲಿತ್ತು, ಅಳೆಯಲು ಏನೂ ಇರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಕುಳಿತರು. ಸೊಸೆ ರಾಗಿಣಿ ಒಂದು ಸಣ್ಣ ಶಾಲೆಯಲ್ಲಿ ಉಪಾಧ್ಯಾಯಿನಿ, ಬೆಳಿಗ್ಗೆ ಆಕೆಗೆ ಉಸಿರಾಡಲೂ ಬಿಡುವಿಲ್ಲ.

“ಒಂದು ದಿನ ಹೇಳ್ತಾರೆ, ‘ರಾಗಿಣಿ, ಒಂದು ದೋಸೆಗೆ ಒಂದು ನಿಮಿಷ ನಲವತ್ತು ಸೆಕೆಂಡು ಆಗ್ತಿದೆ. ಅದರಲ್ಲಿ ಮೂವತ್ತು ಸೆಕೆಂಡು ನೀನು ಸೌಟು ಹುಡುಕ್ತೀಯಮ್ಮ’ ಅಂತ. ನಿಜಾನೇ. ಆದ್ರೆ ನಿಜ ಅಂತ ಎಷ್ಟು ದಿನ ಕೇಳೋಕಾಗುತ್ತೆ ಹೇಳಿ? ನಮ್ಮತ್ತೆ ಇದ್ದಿದ್ರೆ ಅದೇ ಸೌಟಲ್ಲಿ ಒಂದು ಕೊಟ್ಟಿರೋರು,” ಎಂದು ಆಕೆ ನಗುತ್ತಾಳೆ. ರಾಗಿಣಿಯ ಜೊತೆ ಓದಿದ ಸಮರ್ಥ ಈಗ ಹೇರೋಹಳ್ಳಿಯ ಕಟ್ಟಡದ ಇಂಜಿನಿಯರು. ಆಕೆ ಅವನಿಗೆ ಫೋನ್ ಮಾಡಿ, “ನಮ್ಮ ಮಾವನೋರಿಗೆ ಅಳೆಯೋಕೆ ಏನಾದ್ರೂ ಕೊಡೋ ಪುಣ್ಯಾತ್ಮ,” ಎಂದು ಬೇಡಿಕೊಂಡಳು. ಹೀಗೆ ದೋಸೆ ಬಚಾವಾಯಿತು, ಕಟ್ಟಡ ಸಿಕ್ಕಿಹಾಕಿಕೊಂಡಿತು.

ಒಂದು ತಿಂಗಳು ಎಲ್ಲವೂ ಚೆನ್ನಾಗಿತ್ತು. ತಿಂಗಳ ಹಾಳೆಗಳನ್ನು ಸಮರ್ಥ ತನ್ನ ಕಂಪ್ಯೂಟರಿಗೆ ತುಂಬಿದ. ಒಂದು ಶನಿವಾರ ಸಂಜೆ ಸಂತೋಷದಿಂದ ಓಡಿಬಂದ.

“ಅಂಕಲ್, ಸೂಪರ್ ಡೇಟಾ! ಹೆಂಗಸರ ಸಾಲಲ್ಲಿ ನೂರಕ್ಕೆ ನಲವತ್ತೊಂದು ಸೊನ್ನೆ ಇದೆ. ಅರ್ಧ ದಿನ ಸುಮ್ನೆ ನಿಂತಿರ್ತಾರೆ. ಎಂಟು ಜನ ಯಾಕೆ, ನಾಲ್ಕು ಸಾಕು. ಸೋಮವಾರದಿಂದ ನಾಲ್ಕು ಜನರನ್ನ ಕಳಿಸಿಬಿಡೋಣ ಅಂತ ಚನ್ನವೀರಪ್ಪ ಅವರಿಗೂ ಹೇಳಿದೀನಿ.”

ಚನ್ನವೀರಪ್ಪ ಕಟ್ಟಡದ ಗುತ್ತಿಗೆದಾರರು. ಅವರ ಮಾತೇ ಕೊನೆಯ ಮಾತು. ಎಂಟು ಹೆಂಗಸರೂ ಯಾದಗಿರಿಯ ಕಡೆಯ ಒಂದೇ ಊರಿನವರು. ಕಟ್ಟಡದ ಹಿಂದಿನ ತಗಡಿನ ಮನೆಗಳಲ್ಲಿ ವಾಸ. ಕೆಲಸ ಹೋದರೆ ನಾಲ್ಕು ಮನೆಯವರು ತಗಡಿನ ಸೂರನ್ನೂ ಬಿಡಬೇಕು. ಸುದ್ದಿ ಗೋಡೆ ದಾಟಿ ಹೋಗುವುದಕ್ಕೆ ಎಷ್ಟು ಹೊತ್ತು ಬೇಕೆಂದು ಯಾರೂ ಅಳೆಯಲಿಲ್ಲ. ಏಕಾಂತಯ್ಯನವರು ಕುರ್ಚಿ ಎತ್ತುವಷ್ಟರಲ್ಲಿ ಆ ಹೆಂಗಸರ ಮುಂದಾಳು ನೀಲಮ್ಮ ಎದುರಿಗೆ ನಿಂತಿದ್ದಳು.

“ಅಜ್ಜಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ನಿಂತಿದ್ದೆ ಅಂತ ಬರದೀರಂತ?”

“ನಿಂತಿದ್ದೆಯಲ್ಲಮ್ಮ.”

“ಖರೇನ ನಿಂತಿದ್ದೆ. ತಲಿ ಮ್ಯಾಲೆ ಏನಿತ್ತು ಅಂತ ಬರದೀರೇನ್ರಿ?”

ಏಕಾಂತಯ್ಯನವರು ಪುಸ್ತಕ ತೆರೆದರು. ಗೀಟು ಇತ್ತು, ಸೊನ್ನೆ ಇತ್ತು. ತಲೆಯ ಮೇಲೆ ಏನಿತ್ತು ಎಂಬುದಕ್ಕೆ ಗುರುತು ಇರಲಿಲ್ಲ. ಗಿರಣಿಯಲ್ಲಿ ಯಾರೂ ತಲೆಯ ಮೇಲೆ ಏನನ್ನೂ ಹೊರುತ್ತಿರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಅವರಿಗೆ ಬೇರೆ ಒಂದು ಲೆಕ್ಕ ಹೊಳೆಯಿತಂತೆ. “ಕಲ್ಯಾಣಮ್ಮನ ಪಕ್ಕದಲ್ಲಿ ಹದಿನಾಲ್ಕು ತಿಂಗಳು ಕೂತಿದ್ನಲ್ಲ, ಏನೂ ಮಾಡ್ತಿರಲಿಲ್ಲ, ಸುಮ್ಮನೆ ಕೂತಿರ್ತಿದ್ದೆ. ನನ್ನ ಪುಸ್ತಕದ ಪ್ರಕಾರ ಅದು ಪೂರಾ ಸೊನ್ನೆ. ಅವಳ ಪ್ರಕಾರ ಹಾಗಿರಲಿಲ್ಲ. ಅಂದ್ಮೇಲೆ ತಪ್ಪು ಪುಸ್ತಕದ್ದೇ ಅನ್ನಿಸ್ತು.” ಇಷ್ಟನ್ನು ಹೇಳಿ ಅವರು ಬೇರೆ ಮಾತಿಗೆ ಹೋಗುತ್ತಾರೆ.

ಬಸ್ಸಿನಿಂದಲೇ ಸಮರ್ಥನಿಗೆ ಫೋನ್ ಮಾಡಿ ಒಂದು ವಾರ ಕೇಳಿದರು. “ಒಂದು ವಾರ, ಅಂಕಲ್. ಅದಕ್ಕಿಂತ ಒಂದು ದಿನಾನೂ ಆಗಲ್ಲ. ಡೇಟಾ ಬದಲಾದ್ರೆ ನಾನೂ ಬದಲಾಗ್ತೀನಿ,” ಎಂದ ಅವನು.

ಸೋಮವಾರ ಅವರು ಮಾಮೂಲಿನಂತೆ ಕುರ್ಚಿ ಹಾಕಿ ಕುಳಿತರು. ಅಂದು ನಡೆದದ್ದನ್ನು ಗಾರೆಯವರ ಹಿರಿಯ, ಕೃಷ್ಣಗಿರಿ ಕಡೆಯ ಸುಬ್ರಮಣಿ ಮೇಸ್ತ್ರಿ ಇಂದಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಾರೆ. ಹೆಂಗಸರು ನಿಲ್ಲಲೇ ಇಲ್ಲ. ಗಾರೆ ತುಂಬಿದ ಕಬ್ಬಿಣದ ಬಾಂಡ್ಲಿ ಹೊತ್ತು ಓಡಿದರು. ಇಳಿಸಲು ಜಾಗವಿಲ್ಲದಿದ್ದರೆ ಬಾಂಡ್ಲಿ ಸಮೇತ ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಹಾಕಿ ಬಂದರು. ಗೋಡೆಯೇ ಇಲ್ಲದ ಕಡೆಗೂ ಗಾರೆ ಹೋಯಿತು. ಇವರನ್ನು ಕಂಡು ಗಾರೆಯವರಿಗೂ ಕೈ ನಿಲ್ಲಲಿಲ್ಲ.

“ಸಾಮಿ ನೋಡ್ತಾ ಇದ್ರೆ ಕೈ ತಾನಾಗೇ ಓಡುತ್ತೆ. ಆವತ್ತು ನಾನು ಎಲೆ ಅಡಿಕೆ ಹಾಕ್ಕೊಂಡಿಲ್ಲ. ನಲವತ್ತು ವರ್ಷದಲ್ಲಿ ಅದೊಂದೇ ದಿನ. ಮನೇಲಿ ಹೆಂಡ್ತಿ ಹುಷಾರಿಲ್ವಾ ಅಂತ ಹಣೆ ಮುಟ್ಟಿ ನೋಡಿದ್ಲು!”

ಒಬ್ಬ ಗಾರೆಯವನು ದಿನಕ್ಕೆ ಕಟ್ಟುತ್ತಿದ್ದದ್ದು ನೂರೈದು ಬ್ಲಾಕು. ಅಂದು ನೂರ ಮೂವತ್ತೊಂದು. ಸೊನ್ನೆ ಒಂದೂ ಇಲ್ಲ. ಏಕಾಂತಯ್ಯನವರು ಹಾಳೆಯನ್ನು ಹೆಮ್ಮೆಯಿಂದ ಕೊಟ್ಟರು. ಸಮರ್ಥ ಓದಿ ಕುಣಿದಾಡಿದ.

“ನೋಡಿದ್ರಾ ಅಂಕಲ್! ಮನಸ್ಸು ಮಾಡಿದ್ರೆ ಇಷ್ಟು ಓಡ್ತಾರೆ. ಹೀಗೆ ಓಡೋರಾದ್ರೆ ನಾಲ್ಕು ಜನಾನೂ ಬೇಡ, ಮೂರೇ ಸಾಕು!”

ಉಳಿಸಲು ಹೋಗಿ ಇನ್ನೊಬ್ಬಳನ್ನು ಕಳೆದಂತಾಯಿತು. ಮಂಗಳವಾರ ಹೆಂಗಸರ ಕಾಲು ಊದಿಕೊಂಡಿದ್ದವು, ಏಕಾಂತಯ್ಯನವರ ಮುಖವೂ.

ತಾನು ನೋಡುತ್ತಿದ್ದೇನೆಂದು ಗೊತ್ತಾಗುವುದರಿಂದಲೇ ಈ ಪಾಡು ಎಂದುಕೊಂಡ ಅವರು ಬುಧವಾರ ಪುಸ್ತಕ ಹೊರಗೆ ತೆಗೆಯಲಿಲ್ಲ. ರುದ್ರಾಕ್ಷಿ ಮಾಲೆ ತಂದರು. ಕಟ್ಟಡದ ಮೂಲೆಯಲ್ಲಿ ಕಣ್ಣು ಅರೆಮುಚ್ಚಿ ಕುಳಿತು, ಯಾರಾದರೂ ಬರಿದೆ ನಿಂತದ್ದು ಕಂಡರೆ ಒಂದು ಮಣಿ ಸರಿಸುವುದು, ಸಂಜೆ ಮಣಿ ಎಣಿಸಿ ಬರೆಯುವುದು ಎಂದು ಉಪಾಯ. ಶಿವನ ಮಾಲೆಯಲ್ಲಿ ಕೂಲಿಯವರ ಲೆಕ್ಕ ಹಾಕುವುದು ಸರಿಯೇ ಎಂದು ಮನಸ್ಸು ಚುಚ್ಚಿತಂತೆ. ನಾಲ್ಕೈದು ಮನೆಗಳ ಒಲೆಯ ಪ್ರಶ್ನೆ, ಶಿವ ತಪ್ಪು ತಿಳಿಯಲಾರ ಎಂದುಕೊಂಡು ಕುಳಿತರು.

ಜಂಗಮರು ಜಪಕ್ಕೆ ಕುಳಿತಿದ್ದಾರೆ! ಮೊದಲು ನೋಡಿದವಳು ನೀಲಮ್ಮ. ಅವರ ಊರಿನಲ್ಲಿ ಅಯ್ಯನವರು ಜಪಕ್ಕೆ ಕುಳಿತರೆ ಬೀದಿಯಲ್ಲಿ ಕೋಳಿಯನ್ನೂ ಕೂಗಗೊಡುವುದಿಲ್ಲ. ಆಕೆ ತುಟಿಯ ಮೇಲೆ ಬೆರಳಿಟ್ಟಳು. ಗಾರೆ ಕಲಸುವ ಯಂತ್ರ ನಿಂತಿತು. ಸುಬ್ರಮಣಿಯ ಮೊಬೈಲಿನ ತಮಿಳು ಹಾಡು ನಿಂತಿತು. ಬ್ಲಾಕನ್ನು ಕರಣೆಯ ಹಿಡಿಯಿಂದ ತಟ್ಟುವವರು ಬೆರಳಿನಿಂದ ತಟ್ಟಿದರು. ಎಂಟು ಹೆಂಗಸರು ತುದಿಗಾಲಿನ ಮೇಲೆ, ಮಲಗಿದ ಕೂಸನ್ನು ದಾಟುವ ಹಾಗೆ, ಬಾಂಡ್ಲಿ ಹೊತ್ತು ನಡೆದರು. ಏಕಾಂತಯ್ಯನವರು ಮಣಿ ಸರಿಸಿದಷ್ಟೂ ಅವರ ಭಕ್ತಿ ಹೆಚ್ಚಿತು. ಭಕ್ತಿ ಹೆಚ್ಚಿದಷ್ಟೂ ಸರಿಸಬೇಕಾದ ಮಣಿಗಳು ಹೆಚ್ಚಿದವು.

ಹನ್ನೊಂದು ಗಂಟೆಗೆ ಊದುಬತ್ತಿಯ ವಾಸನೆ ಬಂದು ಅವರು ಕಣ್ಣು ಪೂರಾ ತೆರೆದರು. ಎದುರಿನ ಮರಳಿನಲ್ಲಿ ಎರಡು ಊದುಬತ್ತಿ ನೆಟ್ಟಿತ್ತು, ಪಕ್ಕದಲ್ಲಿ ನಾಲ್ಕು ಬಾಳೆಹಣ್ಣು. ಏಳು ಜನ ಕೈಮುಗಿದು ಸಾಲಾಗಿ ನಿಂತಿದ್ದರು. ಸಾಲಿನ ಮೊದಲಿಗೆ ಸುಬ್ರಮಣಿ.

“ಸಾಮೀ, ಮಗಳಿಗೆ ಗಂಡು ನೋಡ್ತಾ ಇದೀವಿ. ಒಂಚೂರು ವಿಭೂತಿ.”

ಅದೇ ಹೊತ್ತಿಗೆ ಸಮರ್ಥ ಬಂದ. “ಏನ್ ನಡೀತಿದೆ ಇಲ್ಲಿ? ಯಂತ್ರ ಯಾಕೆ ಆಫ್ ಆಗಿದೆ?”

“ಶ್ಶ್!” ಎಂದಳು ನೀಲಮ್ಮ. ಆ ಕಟ್ಟಡದಲ್ಲಿ ಇಂಜಿನಿಯರನ್ನು ಯಾರಾದರೂ ಸುಮ್ಮನಿರಿಸಿದ್ದು ಅದೇ ಮೊದಲು.

ಅಂದು ಒಬ್ಬ ಗಾರೆಯವನಿಗೆ ಅರವತ್ತೆರಡೇ ಬ್ಲಾಕು. ಏಕಾಂತಯ್ಯನವರು ಆ ರಾತ್ರಿ ಊಟಕ್ಕೆ ಕುಳಿತು ಎರಡು ಅಂಕಿಗಳನ್ನು ಪಕ್ಕ ಪಕ್ಕ ಬರೆದು ನೋಡಿದರು. ಜನ ಅವರೇ, ಮರಳು ಅದೇ, ನೀರು ಅದೇ. ಒಂದು ದಿನ ನೂರ ಮೂವತ್ತೊಂದು, ಇನ್ನೊಂದು ದಿನ ಅರವತ್ತೆರಡು. ಎರಡು ದಿನಕ್ಕೂ ಬದಲಾದದ್ದು ಒಂದೇ, ಕುರ್ಚಿಯ ಮೇಲೆ ಕುಳಿತ ಮುದುಕನ ಭಂಗಿ. ರಾಗಿಣಿ ಆ ಹಾಳೆಯನ್ನು ಇಣುಕಿ ನೋಡಿ, “ನಾನೂ ಅದೇ ಹೇಳ್ತಿದ್ದೆ ಮಾವ. ನೀವು ಬಾಗಿಲಲ್ಲಿ ಕೂತಾಗಲೇ ನನಗೆ ಸೌಟು ಸಿಗ್ತಿರಲಿಲ್ಲ,” ಎಂದಳು.

ಗುರುವಾರ ಅವರು ಮನುಷ್ಯರನ್ನು ನೋಡುವುದನ್ನೇ ಬಿಟ್ಟರು. ಬಾಂಡ್ಲಿಯನ್ನು ನೋಡಲು ನಿಶ್ಚಯಿಸಿದರು. ಒಂದು ಬಾಂಡ್ಲಿಯ ಕಿವಿಗೆ ಅರಿಸಿನದ ದಾರ ಕಟ್ಟಿದರು, ದಿನವಿಡೀ ಅದು ಎಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು. ಕಟ್ಟಿದ್ದೇ ತಡ, ಅಯ್ಯನವರು ದಾರ ಕಟ್ಟಿದ ಬಾಂಡ್ಲಿ ತನಗೇ ಬೇಕೆಂದು ಹೆಂಗಸರಲ್ಲಿ ಎಳೆದಾಟ. ಕೊನೆಗೆ ಅಯ್ಯನವರೇ ಹನ್ನೆರಡು ಬಾಂಡ್ಲಿಗಳಿಗೂ ದಾರ ಕಟ್ಟಿ, ತಾವು ಅಳೆಯಬೇಕಾದ ಬಾಂಡ್ಲಿಗೆ ಮಾತ್ರ ಗುಟ್ಟಾಗಿ ಎರಡು ಗಂಟು ಹಾಕಿದರು. ಎಲ್ಲರೂ ಆಶೀರ್ವಾದವಾಯಿತೆಂದು ತಮ್ಮ ಪಾಡಿಗೆ ಕೆಲಸಕ್ಕೆ ಹೋದರು. ಏಕಾಂತಯ್ಯನವರು ಎರಡನೆಯ ಮಹಡಿಯ ಕಂಬದ ಮರೆಯಲ್ಲಿ ಕುಳಿತು, ಎರಡು ಗಂಟಿನ ಬಾಂಡ್ಲಿಯನ್ನು ಕಣ್ಣಿನಲ್ಲಿ ಹಿಡಿದುಕೊಂಡರು.

ಆ ಬಾಂಡ್ಲಿ ಅಂದು ಮೂವತ್ತನಾಲ್ಕು ಸಲ ಮೇಲೆ ಬಂತು. ತುಂಬಿಕೊಂಡು, ಯಾವಳೋ ಒಬ್ಬಳ ತಲೆಯ ಮೇಲೆ ನಿಂತಲ್ಲೇ ನಿಂತದ್ದು ಒಟ್ಟು ಒಂದು ಗಂಟೆ ಐವತ್ತೆರಡು ನಿಮಿಷ. ಒಮ್ಮೆಯಂತೂ ಒಂದೇ ಸಮನೆ ಹತ್ತೊಂಬತ್ತು ನಿಮಿಷ. ಅಡಿಗೆಮನೆಯ ಕಿಟಕಿ ಎಲ್ಲಿ ಬರಬೇಕೆಂದು ಗುರುತು ಹಾಕಿರಲಿಲ್ಲ. ಮನೆ ಕೊಂಡವರಿಗೆ ಯಾರೋ ವಾಸ್ತು ಹೇಳಿದ್ದರು, ಕಿಟಕಿ ಒಂದಡಿ ಸರಿಯಬೇಕಂತೆ. ಸಮರ್ಥ “ಒಂದು ನಿಮಿಷ” ಎಂದು ಹೇಳಿ ಫೋನ್ ಹಿಡಿದು ಆಚೆ ಹೋದ. ಸುಬ್ರಮಣಿ ಕರಣೆ ಹಿಡಿದು ಕಾದ. ಹಿಂದೆ ಇಪ್ಪತ್ತು ಕಿಲೋ ಗಾರೆ ಹೊತ್ತು ನೀಲಮ್ಮ ಕಾದಳು.

ಏಕಾಂತಯ್ಯನವರು ತಡೆಯಲಾರದೆ ಕಂಬದ ಮರೆಯಿಂದ ಹೊರಬಂದರು. “ಅಲ್ಲಮ್ಮ, ಕೆಳಗಿಳಿಸಿ ನಿಂತ್ಕೋಬಾರದೇನು?”

ನೀಲಮ್ಮ ಕತ್ತು ತಿರುಗಿಸದೆ ಕಣ್ಣನ್ನಷ್ಟೇ ತಿರುಗಿಸಿದಳು. “ಇಳಸಾಕ ಒಬ್ರು ಬೇಕು, ಮತ್ತ ತಲಿ ಮ್ಯಾಲೆ ಏರಸಾಕ ಒಬ್ರು ಬೇಕ್ರೀ ಅಜ್ಜಾರ. ನನ್ನ ಸಲುವಾಗಿ ಇನ್ನೊಬ್ಬಾಕಿ ಬಂದು ನಿಂತರ ಆಕಿಗೂ ಸೊನ್ನಿ ಹಾಕ್ತೀರಿ. ಅದಕ್ಕ ಹಿಂಗ ನಿಂತೀನಿ.”

ಏಕಾಂತಯ್ಯನವರಿಗೆ ತಮ್ಮ ಊರಿನ ಹಳೆಯ ಗಾಡಿದಾರಿ ನೆನಪಾಯಿತು. ಸಂತೆಗೆ ಹೊರೆ ಹೊತ್ತು ನಡೆಯುವವರಿಗಾಗಿ ಹಿಂದಿನವರು ಅಲ್ಲಲ್ಲಿ ಎರಡು ಕಲ್ಲು ನೆಟ್ಟು, ಮೇಲೊಂದು ಅಡ್ಡಗಲ್ಲು ಇಟ್ಟಿದ್ದರು. ದಾರಿಹೋಕ ತಲೆಯ ಹೊರೆಯನ್ನು ಯಾರ ಹಂಗೂ ಇಲ್ಲದೆ ಅದರ ಮೇಲಕ್ಕೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಾನೇ ತಲೆ ಒಡ್ಡಿ ಹೊತ್ತು ನಡೆಯುತ್ತಿದ್ದ. ಪುಣ್ಯ ಬರಲೆಂದು ನೆಟ್ಟ ಕಲ್ಲುಗಳು ಅವು.

ಶುಕ್ರವಾರ ಮತ್ತು ಶನಿವಾರ ಅವರು ಅದೇ ಬಾಂಡ್ಲಿಯನ್ನು ಮತ್ತೆ ಅಳೆದರು. ಸೋಮವಾರ ಬೆಳಿಗ್ಗೆ ಚನ್ನವೀರಪ್ಪನವರು ಕಾರಿನಿಂದಿಳಿದಾಗ ಹೆಂಗಸರು ಸಾಲಾಗಿ ನಿಂತಿದ್ದರು. ಹೋಗುವವರು ಯಾರೆಂದು ಇನ್ನೂ ಹೇಳಿರಲಿಲ್ಲ. ಎಂಟೂ ಜನ ಬಟ್ಟೆಬರೆಯ ಗಂಟು ಕಟ್ಟಿ ಇಟ್ಟಿದ್ದರು.

ಏಕಾಂತಯ್ಯನವರು ಒಂದೇ ಹಾಳೆ ಕೊಟ್ಟರು. ಹೆಂಗಸರು ನಿಂತ ಹೊತ್ತಿನಲ್ಲಿ ಮೂರು ಪಾಲಿಗೆ ಎರಡು ಪಾಲು ತಲೆಯ ಮೇಲೆ ಹೊರೆ ಇತ್ತು. ಹೊರೆ ನಿಂತದ್ದು ಗಾರೆಯವನು ನಿಂತದ್ದರಿಂದ. ಗಾರೆಯವನು ನಿಂತದ್ದು ಬಾಗಿಲು ಕಿಟಕಿಯ ಗುರುತು ಹಾಕದೆ ಇದ್ದದ್ದರಿಂದ. ಹೆಂಗಸರು ಕಡಿಮೆಯಾದರೆ ಈ ಕಾಯುವುದು ತಪ್ಪುವುದಿಲ್ಲ, ಗುರುತು ಹಾಕಿದ ಮೇಲೂ ಗಾರೆ ಬರಲಿಲ್ಲವೆಂದು ಗಾರೆಯವನು ಇನ್ನೊಮ್ಮೆ ಕಾಯಬೇಕಾಗುತ್ತದೆ. ಹಾಳೆಯ ಕೆಳಗೆ ಕಾರಣಗಳ ಪಟ್ಟಿ. ಹದಿನಾರನೆಯದು: ‘ಇಂಜಿನಿಯರರ ಒಂದು ನಿಮಿಷ (ಸರಾಸರಿ ಹದಿನೈದು ನಿಮಿಷ).’

ಚನ್ನವೀರಪ್ಪನವರು ಕನ್ನಡಕದ ಮೇಲಿನಿಂದ ಸಮರ್ಥನನ್ನು ನೋಡಿದರು. “ಏನಪ್ಪ, ಯಾರನ್ನ ಕಡಿಮೆ ಮಾಡೋಣ ಹೇಳು? ಹೆಂಗಸರನ್ನೋ, ನಿನ್ನ ಫೋನನ್ನೋ?”

ಸಮರ್ಥನ ಕಿವಿ ಕೆಂಪಾದವು. ಒಳ್ಳೆಯ ಹುಡುಗ, ಕೊಟ್ಟ ಮಾತು ಮರೆಯಲಿಲ್ಲ. “ಡೇಟಾ ಬದಲಾಗಿದೆ ಸಾರ್. ಬಾಗಿಲು ಕಿಟಕಿ ಗುರುತೆಲ್ಲ ಹಿಂದಿನ ಸಂಜೇನೇ ಹಾಕಿಬಿಡ್ತೀನಿ. ಎಂಟು ಜನಾನೂ ಇರಲಿ,” ಎಂದ. ಆಮೇಲೆ ಹಾಳೆಯ ತುದಿ ನೋಡಿ ಹುಬ್ಬೇರಿಸಿದ. “ಅಂಕಲ್, ಹದಿನೇಳನೆಯದು ಏನಿದು? ‘ಏಕಾಂತಯ್ಯ’ ಅಂತ ಬರೆದಿದೀರಿ?”

“ಎಲ್ಲಕ್ಕಿಂತ ದೊಡ್ಡ ಕಾರಣ ಅದೇ ಕಣಪ್ಪ. ನಾನು ಕಣ್ಣು ಬಿಟ್ಟರೆ ಇಪ್ಪತ್ತಾರು ಬ್ಲಾಕು ಜಾಸ್ತಿ, ಕಣ್ಣು ಮುಚ್ಚಿದರೆ ನಲವತ್ತಮೂರು ಕಮ್ಮಿ. ಬರೀದೇ ಇದ್ರೆ ಸುಳ್ಳಾಗುತ್ತೆ.”

ಸಾಲಿನಲ್ಲಿ ನಿಂತಿದ್ದ ನೀಲಮ್ಮನಿಗೆ ಮಾತು ಪೂರಾ ಕೇಳಿಸಿರಲಿಲ್ಲ. “ಅಜ್ಜಾರ, ಗಂಟು ಬಿಚ್ಚೋದೋ, ಹೊರೋದೋ?” ಎಂದು ಕೂಗಿದಳು.

“ಬಿಚ್ಚಮ್ಮ!” ಎಂದರು ಏಕಾಂತಯ್ಯನವರು.

ಅಂದು ಮಧ್ಯಾಹ್ನವೇ ಸುಬ್ರಮಣಿ ಒಡೆದ ಬ್ಲಾಕುಗಳಿಂದ ಪ್ರತಿ ಮಹಡಿಯಲ್ಲೂ ಒಂದೊಂದು ತಲೆಯೆತ್ತರದ ಕಟ್ಟೆ ಕಟ್ಟಿದರು. ಈಗ ಗಾರೆ ತಂದವಳು ಕಾಯಬೇಕಾದರೆ ಬಾಂಡ್ಲಿಯನ್ನು ಅದರ ಮೇಲೆ ಜಾರಿಸಿ, ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾಳೆ. ಒಬ್ಬ ಗಾರೆಯವನಿಗೆ ದಿನಕ್ಕೆ ನೂರ ಹದಿನೇಳು ಬ್ಲಾಕು ಏಳುತ್ತಿದೆ, ಯಾರೂ ಓಡದೆ. ಪುಸ್ತಕದಲ್ಲಿ ಹೊಸದೊಂದು ಗುರುತು ಬಂದಿದೆ. ಹೊರೆ ಹೊತ್ತು ನಿಂತವರಿಗೆ ಸೊನ್ನೆಯಿಲ್ಲ, ಒಂದು ಗೀಟು, ಅದರ ನೆತ್ತಿಯ ಮೇಲೆ ಒಂದು ಚುಕ್ಕೆ.

ಆಸೆ ಏನಾದರೂ ಉಂಟೆ ಎಂದರೆ ಏಕಾಂತಯ್ಯನವರು ಗಡಿಯಾರಕ್ಕೆ ಕೀಲಿ ಕೊಡುತ್ತ ಯೋಚಿಸುತ್ತಾರೆ. “ಒಂದು ದಿನ ನಾನು ಬಂದದ್ದು, ಕೂತದ್ದು, ಎದ್ದು ಹೋದದ್ದು ಯಾರಿಗೂ ಗೊತ್ತಾಗಬಾರದು. ಆವತ್ತಿನ ಹಾಳೆ ಒಂದು ನಿಜವಾದ ಹಾಳೆ ಆಗುತ್ತೆ. ಶಿವ ಅಷ್ಟು ನಡೆಸಿಕೊಟ್ಟರೆ ಸಾಕು.”

ಆ ಆಸೆ ಇಂದಂತೂ ಕೈಗೂಡುವ ಹಾಗಿಲ್ಲ. ಸಂಜೆ ಐದೂವರೆ. ಅವರು ಕುರ್ಚಿಯನ್ನು ತಲೆಗೇರಿಸಿ ಹೊರಟವರು, ಬಾಗಿಲ ಬಳಿ ತಿರುಗಿ, ಎದ್ದ ಗೋಡೆಗಳನ್ನೇ ನೋಡುತ್ತ ನಿಂತುಬಿಡುತ್ತಾರೆ. ಮೇಲಿನ ಮಹಡಿಯಿಂದ ನೀಲಮ್ಮನ ಧ್ವನಿ ಕೇಳುತ್ತದೆ.

“ಅಜ್ಜಾರು ನಿಂತಾರ ನೋಡ್ರೇ! ಯಾರರ ಬರಕೋರಿ, ಅಜ್ಜಾರಿಗೆ ಒಂದು ಸೊನ್ನಿ!”

ಕೈಕಾಲು ತೊಳೆಯುತ್ತಿದ್ದ ಸುಬ್ರಮಣಿ ತಲೆಯೆತ್ತಿ ನೋಡುತ್ತಾರೆ. “ಸೊನ್ನೆ ಹೆಂಗಮ್ಮ ಆಗುತ್ತೆ? ಸಾಮಿ ತಲೆ ಮೇಲೆ ಕುರ್ಚಿ ಐತೆ. ಗೀಟು ಹಾಕು, ಮೇಲೆ ಚುಕ್ಕೆ ಇಡು!”

ಹದಿನಾಲ್ಕೂ ಜನ ನಗುತ್ತಾರೆ. ಕುರ್ಚಿಯ ಕೆಳಗಿನಿಂದ ಏಕಾಂತಯ್ಯನವರ ಧ್ವನಿ ಗಂಭೀರವಾಗಿ ಬರುತ್ತದೆ. “ಲೆಕ್ಕ ಸರಿಯಾಗಿದೆ.”

ಕೆಂಪು ಕುರ್ಚಿ ಬಸ್ ನಿಲ್ದಾಣದ ಕಡೆಗೆ ನಡೆಯುತ್ತದೆ.